ಕನ್ನಡಿಕೂಸು

ನನ್ನ ತಮ್ಮನ ಹೆಂಡತಿ ಹವಳಿಯ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಒಂದೇ ಮನೆ, ಒಂದೇ ಒಲೆ, ಒಂದೇ ಬಚ್ಚಲು. ಎದುರುಬದುರು ಕೂತು ಅವರೆಕಾಯಿ ಸುಲಿದಿದ್ದೇವೆ, ಉಪ್ಪಿಗೆ ಹುಳಿಗೆ ಅಂತ ಜಗಳ ಕಾದಿದ್ದೇವೆ, ಒಬ್ಬರ ತಲೆಗೊಬ್ಬರು ಎಣ್ಣೆ ತಟ್ಟಿಕೊಂಡಿದ್ದೇವೆ. ಆದರೂ ನೋಡಿಲ್ಲ. ಅವಳೇನು ಸೆರಗು ಮುಚ್ಚಿಕೊಂಡು ಓಡಾಡುವವಳಲ್ಲ, ನಾನೂ ಕುರುಡಿಯಲ್ಲ. ಚಿಕ್ಕಂದಿನಲ್ಲಿ ನಾನು ಸೀಟಿರಾಯನ ಪುಸ್ತಕ ಓದಿದ್ದೇನೆ, ಅಷ್ಟೇ. ನಮ್ಮೂರಲ್ಲಿ ಓದದವರು ಯಾರಿದ್ದಾರೆ ಹೇಳಿ?

ಸೀಟಿರಾಯ ಅಂದರೆ ಕೆಂಪು ಟೋಪಿಯ ಪೋರ. ಕೊರಳಲ್ಲಿ ತಗಡಿನ ಸೀಟಿ, ಹಿಂದೆ ಪಟಾಕಿ ಅನ್ನುವ ನಾಯಿ. ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಕಳ್ಳರನ್ನು ಹಿಡಿಯುತ್ತಾನೆ. ನಮ್ಮಜ್ಜನ ಕಾಲದಲ್ಲಿ ನಮ್ಮೂರ ಪ್ರೆಸ್ಸಿನಲ್ಲೇ ಅಚ್ಚಾದ ಚಿತ್ರಕಥೆ ಅದು, ಇವತ್ತಿಗೂ ಅಲ್ಲೇ ಅಚ್ಚಾಗುತ್ತದೆ. ಆ ಶಾಯಿಯ ವಾಸನೆ ಮೂಗಿಗೆ ಬಂದರೆ ನನಗೆ ಈಗಲೂ ಅಮ್ಮನ ಮಡಿಲಲ್ಲಿ ಕೂತ ಹಾಗಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆ ದೋಣಿಗೆ ಹುಟ್ಟು ಹಾಕುವ ಆಳು ಗುಬುಕ. ಇದ್ದಿಲಿನಂಥ ಮೈ, ಬಿಳಿ ಗೋಲಿಯಂಥ ಕಣ್ಣು, ಮುಖದ ಅರ್ಧ ತುಂಬಿದ ಕೆಂಪು ತುಟಿ, ಜುಂಜು ತಲೆಯಲ್ಲಿ ಸಿಕ್ಕಿಸಿದ ಒಂದು ಮೂಳೆ. ಎರಡಕ್ಕೆ ಎರಡು ಕೂಡಿಸಿದರೆ ಏಳು ಅನ್ನುತ್ತಾನೆ. ಸಾಬೂನನ್ನು ಮಿಠಾಯಿ ಅಂತ ತಿನ್ನುತ್ತಾನೆ. ತನ್ನ ನೆರಳು ಕಂಡು ತಾನೇ ಹೌಹಾರಿ ಮರ ಹತ್ತುತ್ತಾನೆ. 'ಗುಬುಕಂಗೆ ತಲೆ ಇಲ್ಲ ಧಣೀ' ಅನ್ನುವುದು ಅವನ ಮಾತು. ನಮ್ಮೂರ ಅಂಗಡಿಯಲ್ಲಿ ಚಿಲ್ಲರೆ ತಪ್ಪಿದರೆ ಗುಬುಕನ ಲೆಕ್ಕ ಅನ್ನುತ್ತಾರೆ, ಹೆದರುಪುಕ್ಕಲನಿಗೆ ಮರ ಹತ್ತೋ ಅನ್ನುತ್ತಾರೆ. ಪುಸ್ತಕ ಓದದವನಿಗೆ ನಮ್ಮೂರ ಮಾತು ಅರ್ಧಕ್ಕರ್ಧ ತಿಳಿಯುವುದಿಲ್ಲ.

ಆ ಪುಸ್ತಕ ಓದಿದವರ ಕಣ್ಣಿಗೆ ನಮ್ಮೂರ ದಡದವರೆಲ್ಲ ಗುಬುಕನ ಹಾಗೇ ಕಾಣುತ್ತಾರೆ. ದಡದವರು ಅಂದರೆ ಯಾವುದೋ ಕಾಲದಲ್ಲಿ ದೋಣಿಯಲ್ಲಿ ಬಂದಿಳಿದು ಹೊಳೆಯ ಅಂಚಿಗೆ ಮನೆ ಕಟ್ಟಿಕೊಂಡವರು. ಕಪ್ಪು ಜನ, ಗುಂಗುರು ಕೂದಲಿನ ಜನ. ಗಂಡಸಿರಲಿ ಹೆಂಗಸಿರಲಿ, ಮುದುಕಿಯಿರಲಿ, ನಮಗೆ ಕಾಣುವುದು ಅದೇ ಗೋಲಿಕಣ್ಣು, ಅದೇ ತುಟಿ, ಅದೇ ಮೂಳೆ. ಹಾಗಾಗಿ ದಡದ ಗಂಡಸರು ಕೊರಳಿಗೆ ಬೇರೆ ಬೇರೆ ಬಣ್ಣದ ಚೌಕ ಕಟ್ಟಿಕೊಳ್ಳುತ್ತಾರೆ. ಹೆಂಗಸರು ಬಳೆಯ ಸದ್ದಿನಿಂದ ಗುರುತು ಸಿಗುತ್ತಾರೆ. ಒಮ್ಮೆ ಹಳದಿ ಚೌಕದವನು ಕೋಳಿ ಕದ್ದದ್ದಕ್ಕೆ ಇನ್ನೊಬ್ಬ ಹಳದಿ ಚೌಕದವನನ್ನು ಸಂತೆಯಲ್ಲಿ ಹಿಡಿದು ಬಡಿದರು. ತಪ್ಪಾಯಿತು ಅಂತ ತಿಳಿದ ಮೇಲೆ ಅವನಿಗೆ ಕಾಫಿ ಕುಡಿಸಿ ಕಳಿಸಿದರು. ಯಾಕೆ ಹೀಗೆ ಕಾಣುತ್ತದೆ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಣ್ಣಿಗೆ ಕಂಡದ್ದನ್ನು ನೋಡದೆ ಇನ್ನೇನು ಮಾಡೋಣ ಅನ್ನುತ್ತಾರೆ.

ಶಾಲೆಗೆ ಹೋದ ದಡದವರೂ ಪುಸ್ತಕ ಓದಿದವರೇ. ಅವರಿಗೂ ಅವರು ಗುಬುಕರೇ. ಅದಕ್ಕೇ ದಡದ ಮನೆಗಳಲ್ಲಿ ಕನ್ನಡಿ ಇರುವುದಿಲ್ಲ. ಆದರೆ ಇನ್ನೂ ಪುಸ್ತಕ ಓದದ ಮಗುವಿಗೆ ಗುಬುಕ ಕಾಣುವುದಿಲ್ಲ, ಆ ಮಗುವಿನ ಮುಖದ ಮೇಲೂ ಅವನು ಕೂರುವುದಿಲ್ಲ. ಹೀಗಾಗಿ ದಡದ ಮನೆಗಳಲ್ಲಿ ಚಿಕ್ಕ ಮಕ್ಕಳೇ ಕನ್ನಡಿ. ಕನ್ನಡಿಕೂಸು ಅಂತಲೇ ಕರೆಯುತ್ತಾರೆ. ಮದುವೆಯಲ್ಲಿ ಹೆಣ್ಣನ್ನು ಸಿಂಗರಿಸುವಾಗ ಐದು ವರ್ಷದ ಪೋರಿಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡು, 'ಕಾಡಿಗೆ ಸರಿಯಿದೆಯೇನೇ? ನಾನು ಚೆನ್ನಾಗಿದೀನೇನೇ?' ಅಂತ ಕೇಳುತ್ತಾರೆ. ಪೋರಿ ಬಾಯಲ್ಲಿ ಬೆಲ್ಲ ಚೀಪುತ್ತಾ ತಲೆಯಾಡಿಸಿದರೆ ಹೆಣ್ಣು ಹಸೆಗೆ ಏಳುತ್ತಾಳೆ.

ಇಂಥ ಜನರ ಮನೆಯ ಹುಡುಗಿ ನಮ್ಮ ಮನೆಗೆ ಬಂದದ್ದು ನನ್ನ ತಮ್ಮ ಶಿವಸ್ವಾಮಿಯಿಂದ. ಪುಸ್ತಕ ಕೈಗೆ ಬರುವ ವರ್ಷ ಅವನಿಗೆ ದಡಾರ ಎದ್ದು, ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ್ದರು. ವಾಸಿಯಾಗಿ ಶಾಲೆಗೆ ಹೋದಾಗ ಹುಡುಗರು ಇವನಿಗೆ ತಿಳಿಯದ್ದನ್ನೇ ಆಡಿ ಆಡಿ ನಕ್ಕರಂತೆ. ಹಟಮಾರಿ, 'ನಂಗೆ ಬೇಡವೇ ಬೇಡ' ಅಂತ ಕೂತ, ಕಡೆಯವರೆಗೂ ಮುಟ್ಟಲಿಲ್ಲ. ಅದರ ಫಲವನ್ನೂ ಉಂಡ ಅನ್ನಿ. ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಗುವಾಗ ಅವನೊಬ್ಬ ಎಲೆ ನೋಡುತ್ತಾ ಕೂತಿರುತ್ತಿದ್ದ. ಸ್ನೇಹಿತ ಅಂತ ಒಬ್ಬ ನರಪಿಳ್ಳೆ ಇರಲಿಲ್ಲ. ಆದರೆ ನಮ್ಮೂರ ಊದುಬತ್ತಿ ಕಾರ್ಖಾನೆಯಲ್ಲಿ ಪೊಟ್ಟಣಕ್ಕೆ ಚೀಟಿ ಅಂಟಿಸುತ್ತಿದ್ದ ಹವಳಿಯನ್ನು ನೋಡಿದ ಗಂಡಸು ಅವನೊಬ್ಬನೇ. 'ಅಕ್ಕಾ, ಎಷ್ಟು ಲಕ್ಷಣವಾಗಿದಾಳೆ ಗೊತ್ತಾ' ಅಂದ. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ.

ಅವನು ಕಾಮಾಲೆಯಾಗಿ ಸತ್ತ ದಿನ ಹವಳಿ ಹೆಣದ ಮೇಲೆ ಬಿದ್ದು ಗೋಳಾಡಿದಳು. ಗುಬುಕ ಅಳುವ ಪುಟ ಇದೆಯಲ್ಲ, ಎರಡು ಕಣ್ಣಿಂದಲೂ ಕಾರಂಜಿ ಚಿಮ್ಮಿ ದೋಣಿ ತುಂಬಿ ಮುಳುಗುವ ಪುಟ, ಅದು ಇಡೀ ಪುಸ್ತಕದಲ್ಲಿ ಎಲ್ಲರಿಗೂ ಇಷ್ಟವಾದ ಪುಟ. ಸಾವಿಗೆ ಬಂದ ಜನ ಸೆರಗು, ಟವೆಲು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದರು. ಕೆಟ್ಟವರಲ್ಲ ಅವರು. ಮೂರು ದಿನ ನಮ್ಮ ಮನೆಗೆ ಊಟ ತಂದುಕೊಟ್ಟವರೂ ಅವರೇ. ಹವಳಿ ಅವರ ಬೆನ್ನು ನೋಡಿ ಅಳು ನಿಲ್ಲಿಸಿದಳು. ಅವಳು ಅತ್ತದ್ದನ್ನು ಆಮೇಲೆ ನಾನು ಕಂಡಿಲ್ಲ.

ಅವನು ಹೋದ ಮೇಲೆ ಅವಳ ಮುಖ ನೋಡುವ ಕಣ್ಣು ಮನೆಯಲ್ಲಿ ಉಳಿದದ್ದು ಒಬ್ಬಳದೇ. ಮಗಳು ತಾರಿಣಿಯದು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹವಳಿ ಅವಳ ಎದುರಿಗೆ ಮಂಡಿಯೂರಿ ಕೂರುತ್ತಿದ್ದಳು. ತಾರಿಣಿ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ, ದೊಡ್ಡ ಹೆಂಗಸಿನ ಹಾಗೆ ಹುಬ್ಬು ಗಂಟಿಕ್ಕಿ, 'ಬೈತಲೆ ಸೊಟ್ಟ. ಇಲ್ಲಿ ಪೌಡರ್ ಉಳಿದಿದೆ. ಇವತ್ತು ಕಣ್ಣು ಊದ್ಕೊಂಡಿದೆ, ರಾತ್ರಿ ನಿದ್ದೆ ಮಾಡ್ಲಿಲ್ವಾ?' ಅನ್ನುತ್ತಿದ್ದಳು. ಒಲೆಯ ಮುಂದೆ ಕೂತ ನನಗೆ ಕಾಣುತ್ತಿದ್ದದ್ದು ಸೀರೆ ಉಟ್ಟ ಗುಬುಕ, ಅವನ ಗಲ್ಲ ಹಿಡಿದ ನಮ್ಮ ಮುದ್ದು ಮಗು. ನಗು ಬರಬಾರದು ಅಂತ ಒಲೆ ಊದುತ್ತಿದ್ದೆ.

ತಾರಿಣಿಗೆ ಓದುಹಬ್ಬದ ವಯಸ್ಸು ಬಂತು. ಆ ದಿನ ಶಾಲೆಯ ಜಗಲಿಯಲ್ಲಿ ಆ ವರ್ಷದ ಮಕ್ಕಳನ್ನೆಲ್ಲ ಕೆಂಪು ಟೋಪಿ ಹಾಕಿ ಕೂರಿಸಿ, ಬಾಯಿಗೆ ಕಲ್ಲುಸಕ್ಕರೆ ಇಟ್ಟು, ಅವರವರ ಮನೆಯಿಂದ ತಂದ ಹೊಸ ಪುಸ್ತಕ ತೆರೆಸುತ್ತಾರೆ. ಊರಿಗೆಲ್ಲ ಸಂಭ್ರಮ. ದಡದ ತಾಯಂದಿರು ಮಾತ್ರ ಆ ಬೆಳಿಗ್ಗೆ ಮಗುವನ್ನು ಬಚ್ಚಲಲ್ಲಿ ಕೂರಿಸಿಕೊಂಡು ಮೀಸುತ್ತಾರೆ, ಮೀಸುತ್ತಾರೆ, ನೀರು ಆರಿದರೂ ಬಿಡುವುದಿಲ್ಲ. ಮಗು ಪುಸ್ತಕ ಓದಿ ಬಂದ ಮೇಲೆ ತಾಯಿಯ ಮುಖ ಮಗುವಿಗೆ ಕಾಣದು, ಮಗುವಿನ ಮುಖ ತಾಯಿಗೂ ಕಾಣದು.

'ನಾನು ಮೇಷ್ಟ್ರ ಹತ್ರ ಹೋಗಿ ಕೇಳ್ತೀನಿ ಅತ್ತಿಗೆ, ನೀವೂ ಬನ್ನಿ' ಅಂದಳು ಹವಳಿ. ಹೋದೆವು. ಹೆಡ್‌ಮೇಷ್ಟ್ರು ತಿಮ್ಮರಸಯ್ಯ ಬಲು ಸಾಧು ಮನುಷ್ಯರು, ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಹವಳಿಯ ಮುಖ ನೋಡಿದ್ದೇ ಅವರ ಮೀಸೆ ಅಲುಗಿತು. ಕನ್ನಡಕ ತೆಗೆದು ಒರೆಸುತ್ತಾ ಕೂತರು.

'ನನ್ನ ಮಗಳಿಗೆ ಆ ಪುಸ್ತಕ ಬೇಡ ಮೇಷ್ಟ್ರೇ. ಬೇರೆ ಏನಾದ್ರೂ ಓದ್ಸಿ.'

'ಬೇಡ ಅಂದ್ರೆ ಹೇಗಮ್ಮ? ಅದೇನು ಬರೀ ಪುಸ್ತಕವೇ? ನಮ್ಮೆಲ್ಲರ ಬಾಲ್ಯ ಕಣಮ್ಮ ಅದು.'

'ನಿಮ್ಮ ಬಾಲ್ಯಕ್ಕೆ ನನ್ನ ಮುಖಾನೇ ಬೇಕಿತ್ತಾ?'

ಮೇಷ್ಟ್ರು ಕೆಮ್ಮಿದರು. ಬೀರುವಿನಿಂದ ಹೊಸ ಅಚ್ಚಿನ ಪ್ರತಿಯೊಂದನ್ನು ತೆಗೆದು ಮೊದಲ ಪುಟ ತೋರಿಸಿದರು. 'ನಾವೇನು ಕಲ್ಲಲ್ಲಮ್ಮ. ಇಲ್ಲಿ ನೋಡಿ, ಒಂದು ಮಾತು ಹಾಕ್ಸಿದೀವಿ. ಈ ಚಿತ್ರಗಳು ಆ ಕಾಲದವು, ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲ ಅಂತ. ನಾನೇ ಬರೆದದ್ದು.'

'ಈ ಮಾತು ಓದಿದ ಮಕ್ಕಳಿಗೆ ನಾವು ಹೇಗೆ ಕಾಣ್ತೀವಿ?'

'ಅದು... ಮೊದಲಿನ ಹಾಗೇ' ಅಂದರು ಮೇಷ್ಟ್ರು. ಆಮೇಲೆ ಮುಖ ಅರಳಿಸಿಕೊಂಡು, 'ಆದ್ರೆ ಗುಬುಕನ ಮೇಲೆ ಯಾರಿಗೆ ದ್ವೇಷ ಇದೆ ಹೇಳಿ? ಎಲ್ರಿಗೂ ಅವನನ್ನ ಕಂಡ್ರೆ ಪ್ರೀತಿ. ನನಗಂತೂ ಸೀಟಿರಾಯನಿಗಿಂತ ಅವನೇ ಅಚ್ಚುಮೆಚ್ಚು' ಅಂದರು. ಮನಸ್ಸಿನಿಂದಲೇ ಅಂದರು ಪಾಪ. ಪುಸ್ತಕ ಓದದಿದ್ದರೆ ಮಗು ಒಂಟಿಯಾಗುತ್ತದೆ, ನಿಮ್ಮ ಯಜಮಾನರ ಕಥೆ ನೀವೇ ಕಂಡಿದ್ದೀರಲ್ಲ ಅಂತಲೂ ಸೇರಿಸಿದರು. ಹವಳಿ ಎದ್ದು ಹೊರಟಳು. ದಾರಿಯಲ್ಲಿ, 'ಪ್ರೀತಿಯಂತೆ ಅತ್ತಿಗೆ, ಪ್ರೀತಿ' ಅಂದು ಮೋರಿಗೆ ಥೂ ಅಂತ ಉಗಿದಳು.

ಇತ್ತ ತಾರಿಣಿಗೆ ಆ ಪುಸ್ತಕ ಬೇಕೇ ಬೇಕು. ಬೇಡ ಅಂದರೆ ಯಾವ ಮಗು ಕೇಳುತ್ತದೆ? ಬೀದಿಯ ಮಕ್ಕಳು ಸೀಟಿರಾಯನ ಆಟ ಆಡುವಾಗ ಇವಳನ್ನು ಕಲ್ಲಿನ ಮೇಲೆ ಕೂರಿಸಿ, 'ಪಟಾಕಿ ಯಾರು ಅಂತಾನೇ ಗೊತ್ತಿಲ್ಲ ಇವಳಿಗೆ' ಅನ್ನುತ್ತಿದ್ದರು. ಒಂದು ದಿನ ಅತ್ತು ಮೂಗು ಕೆಂಪಗೆ ಮಾಡಿಕೊಂಡು ಬಂದಳು. 'ಎಲ್ಲಾರ್ಗೂ ಕೊಡಿಸ್ತಾರೆ, ನಂಗ್ಯಾಕೆ ಕೊಡಿಸಲ್ಲ? ನಾನೇನು ತಪ್ಪು ಮಾಡ್ದೆ?' ಹವಳಿ ಅವಳ ಮೂಗು ಒರೆಸಿ, 'ಕೊಡಿಸ್ತೀನಿ ಬಿಡೇ' ಅಂದಳು.

ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಮರುದಿನ ಮಧ್ಯಾಹ್ನ ತಾರಿಣಿ ಮಲಗಿದ ಮೇಲೆ ಪುಸ್ತಕ ತಂದು ನಡುಮನೆಯಲ್ಲಿ ಹರಡಿದಳು. ಮೈದಾ ಗಂಜಿ ಕಾಯಿಸಿಕೊಂಡಳು. ಕಾರ್ಖಾನೆಯಿಂದ ತಂದ ಬಿಳಿ ಕಾಗದವನ್ನು ಅಳತೆಗೆ ಕತ್ತರಿಸಿ, ಗುಬುಕ ಇರುವ ಕಡೆಯೆಲ್ಲ ಅವನ ಮೇಲೆ ಅಂಟಿಸುತ್ತಾ ಹೋದಳು. ಮೂಳೆಯ ತುದಿಯೂ ಇಣುಕದ ಹಾಗೆ, ಅಂಚಿನಲ್ಲಿ ಒಂದು ಸುಕ್ಕೂ ಏಳದ ಹಾಗೆ. ಚೀಟಿ ಅಂಟಿಸಿ ಪಳಗಿದ ಕೈ ಅದು. ಅವನ ಮಾತುಗಳ ಮೇಲೂ ಅಂಟಿಸಿದಳು. ಅವನು ಸಾಬೂನು ತಿನ್ನುವ ಚಿತ್ರ ಬಂದಾಗ ನನಗೆ ಕಿಸಕ್ಕೆಂದಿತು, ನಾಲಿಗೆ ಕಚ್ಚಿಕೊಂಡೆ. 'ನಗಿ ಅತ್ತಿಗೆ, ನಾನೂ ಚಿಕ್ಕವಳಿದ್ದಾಗ ಇದಕ್ಕೆ ನಕ್ಕಿದೀನಿ' ಅಂದಳು. 'ಸೀಟಿರಾಯ ಇರ್ಲಿ, ನಾಯಿ ಇರ್ಲಿ, ಕಳ್ಳರಿರ್ಲಿ. ನನ್ನ ಮಗೂಗೆ ಕಥೆಯೂ ಸಿಗ್ಲಿ, ನಾನೂ ಸಿಗ್ಲಿ.' ಅವಳ ದನಿಯಲ್ಲಿ ಅಂಥ ಹುಮ್ಮಸ್ಸನ್ನು ತಮ್ಮ ಹೋದ ಮೇಲೆ ನಾನು ಕೇಳಿರಲಿಲ್ಲ.

ಆದರೂ ಹಬ್ಬದ ಬೆಳಿಗ್ಗೆ ಅವಳಿಗೆ ಧೈರ್ಯ ಸಾಲಲಿಲ್ಲ. ತಾರಿಣಿಯನ್ನು ಮೀಯಿಸಿ, ಮಣೆಯ ಮೇಲೆ ಎದುರಿಗೆ ಕೂರಿಸಿಕೊಂಡು, 'ಅಮ್ಮ ಹೇಗಿದಾಳೆ ಹೇಳೇ, ಪೂರ್ತಿ ಹೇಳು' ಅಂದಳು.

'ಅಮ್ಮನ ಹಾಗಿದೀಯ.'

'ಹಾಗಲ್ಲ ಕಂದ. ನೋಡಿ ಹೇಳು.'

ತಾರಿಣಿ ನೋಡಿದಳು. 'ಹಣೆ ದೊಡ್ಡದು. ಮೂಗಿನ ಪಕ್ಕ ಪುಟ್ಟ ಮಚ್ಚೆ. ಒಂದು ಹುಬ್ಬು ಸ್ವಲ್ಪ ಮೇಲಿದೆ. ನಕ್ರೆ ಈ ಕೆನ್ನೇಲಿ ಮಾತ್ರ ಗುಳಿ ಬೀಳುತ್ತೆ, ಆ ಕೆನ್ನೇಲಿ ಇಲ್ಲ. ಈಗ ಯಾಕೋ ನಗ್ತಿಲ್ಲ ನೀನು. ಕಣ್ಣು ಉದ್ದ. ಕಣ್ಣಲ್ಲಿ ನೀರಿದೆ.'

ಒಗ್ಗರಣೆ ಸೀದು ಹೋಗುತ್ತಿತ್ತು, ನಾನು ಸೌಟು ಹಿಡಿದು ನಿಂತುಬಿಟ್ಟಿದ್ದೆ. ಇಷ್ಟು ವರ್ಷ ಒಟ್ಟಿಗೆ ಇದ್ದು, ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ತಮ್ಮ ಹೇಳಿದ್ದನೇನೋ. ನಾನು ಕಿವಿ ಕೊಟ್ಟಿರಲಿಲ್ಲ.

ದಡದ ತಾಯಂದಿರು ಓದುಹಬ್ಬಕ್ಕೆ ಹೋಗುವಂತಿಲ್ಲ. ಮಕ್ಕಳು ಒಮ್ಮೆ ಪುಟ ನೋಡಿ ಒಮ್ಮೆ ಅವರನ್ನು ನೋಡಿ ಗದ್ದಲ ಎಬ್ಬಿಸುತ್ತಾರೆ ಅಂತ. ನಾನೇ ಹೋದೆ. ಪಕ್ಕದ ಹುಡುಗನ ಪುಸ್ತಕದ ಕಡೆಗೆ ಇವಳ ಕಣ್ಣು ಹೋಗದ ಹಾಗೆ ನಡುವೆ ಮೈ ಅಡ್ಡ ಮಾಡಿ, ಸೆರಗು ಹರಡಿಕೊಂಡು ಕೂತೆ. ಸೀಟಿ ಊದಿದರು, ಪುಸ್ತಕಗಳು ತೆರೆದವು. ತಾರಿಣಿ ಮೊದಲ ಪುಟದಿಂದಲೇ ಕುಣಿದಾಡಿದಳು. 'ಅತ್ತೆ, ನಾಯಿ ನೋಡು, ಟೋಪಿ ಕಚ್ಕೊಂಡು ಓಡ್ತಿದೆ! ಅತ್ತೆ, ದೋಣಿ ತಾನಾಗೇ ಹೋಗ್ತಿದೆ!' ಇಡೀ ಜಗಲಿ ಗುಬುಕನಿಗೆ ನಗುವಾಗ ಇವಳು ನಾಯಿಗೆ ನಕ್ಕಳು. ಯಾರಿಗೂ ಗೊತ್ತಾಗಲಿಲ್ಲ. ಕೊನೆಯ ಪುಟ ಮುಗಿದಾಗ ನಾನು ಅವಳ ಮುಖ ನೋಡಿದೆ. ಅದೇ ಮುಖ, ನಮ್ಮ ಮಗುವಿನ ಮುಖ. ದೇವರೇ, ಬದುಕಿದೆ ಅನ್ನಿಸಿತು.

ವಾಪಸು ಬರುವಾಗ ಬುಟ್ಟಿ ಹೊತ್ತು ಎದುರಿಗೆ ಬಂದ ದಡದ ಮೀನಿನವಳಿಗೆ ತಾರಿಣಿ ಹೋಗಿ ಡಿಕ್ಕಿ ಹೊಡೆದಳು. ನೆಲ ನೋಡಿ ನಡಿಯೇ ಅಂತ ಬೈದೆ. ಪುಸ್ತಕದ ಗುಂಗಿನಲ್ಲಿದ್ದಾಳೆ ಅಂದುಕೊಂಡೆ.

ಹವಳಿ ಬಾಗಿಲಲ್ಲೇ ನಿಂತಿದ್ದಳು. ನಾನು ಗೆದ್ದವಳ ಹಾಗೆ ತಲೆಯಾಡಿಸಿದೆ. ತಾರಿಣಿ ಓಡಿದಳು, ತಾಯಿಯ ಪಕ್ಕದಲ್ಲೇ ನುಗ್ಗಿ ಒಳಗೆ ಹೋದಳು. ಅಡುಗೆಮನೆ ನೋಡಿದಳು, ಹಿತ್ತಲು ನೋಡಿದಳು, ಮತ್ತೆ ನಡುಮನೆಗೆ ಬಂದಳು. 'ಅಮ್ಮಾ! ಅತ್ತೆ, ಅಮ್ಮ ಎಲ್ಲಿ?'

'ಇಲ್ಲೇ ಇದೀನಲ್ಲ ಕಂದ' ಅಂದಳು ಹವಳಿ.

ತಾರಿಣಿ ದನಿ ಬಂದ ಕಡೆ ತಿರುಗಿದಳು. ಅವಳ ಕಣ್ಣು ತಾಯಿಯ ಮೇಲೆ ಆಡಿ, ಬಾಗಿಲ ಮೇಲೆ ಆಡಿ, ಎಲ್ಲೂ ನಿಲ್ಲಲಿಲ್ಲ. ಹವಳಿ ಮೆಲ್ಲಗೆ ಕುಕ್ಕರಿಸಿ, ಅವಳ ಕೈ ಹಿಡಿದು ತನ್ನ ಕೆನ್ನೆಗೆ ಇಟ್ಟುಕೊಂಡಳು. ಮಗು ಮುಟ್ಟಿ ನೋಡಿತು.

'ಇಲ್ಲಿ ಕಾಗದ ಇದೆ' ಅಂದಳು ತಾರಿಣಿ. 'ಬಿಳೀ ಕಾಗದ ಅಂಟಿಸ್ಬಿಟ್ಟಿದಾರೆ. ಅಮ್ಮ, ನೀನು ಒಳಗಿದೀಯಾ?'

ತಾರಿಣಿ ತಾಯಿಯ ಕಿವಿಯ ಹತ್ತಿರ ಬೆರಳಾಡಿಸಿ ಅಂಚು ಹುಡುಕಿದಳು. ಸಿಗಲಿಲ್ಲ. ಉಗುರಿನಿಂದ ಕೆರೆದಳು. 'ಇರಮ್ಮ, ಕಿತ್ತುಬಿಡ್ತೀನಿ. ನೋವಾದ್ರೆ ಹೇಳು.' ಕೆನ್ನೆಯಲ್ಲಿ ರಕ್ತ ಜಿನುಗಿತು. ಹವಳಿ ಅಲುಗಾಡದೆ ಕೆನ್ನೆ ಕೊಟ್ಟು ಕೂತಳು. 'ಬರ್ತಾ ಇಲ್ಲ ಅತ್ತೆ, ನೀನೂ ಬಾ, ಕೀಳು!' ಅಂತ ತಾರಿಣಿ ಜೋರಾಗಿ ಅಳತೊಡಗಿದಳು. ನಾನು ಅವಳನ್ನು ಎತ್ತಿಕೊಳ್ಳಲು ಹೋದೆ, ಕೊಸರಿಕೊಂಡು ಮತ್ತೆ ಕೆರೆದಳು.

'ಅತ್ತಿಗೆ, ಪುಸ್ತಕ ಕೊಡಿ' ಅಂದಳು ಹವಳಿ. 'ಒಂದು ಒದ್ದೆ ಬಟ್ಟೆ ತನ್ನಿ.'

'ಬೇಡ ಕಣೇ ಹವಳಿ. ನಾಳೆ ನಾಡಿದ್ದು ಸರಿಹೋಗ್ಬಹುದು. ದುಡುಕಬೇಡ.'

'ಅವಳಿಗೆ ಅಮ್ಮ ಬೇಕು ಅತ್ತಿಗೆ. ಎಂಥವಳೋ ಒಬ್ಬಳು. ತನ್ನಿ.'

ತಂದುಕೊಟ್ಟೆ. ಕಾರಂಜಿಯ ಪುಟವನ್ನೇ ತೆರೆದು, ಕಾಗದದ ಮೇಲೆ ಒದ್ದೆ ಬಟ್ಟೆ ಒತ್ತಿದಳು. ಮೈದಾ ಅಂಟು, ನೆನೆಯಲು ಎಷ್ಟು ಹೊತ್ತು? ಅದು ನೆನೆಯುವಷ್ಟು ಹೊತ್ತೂ ಅವಳು ಮಗಳ ಮುಖವನ್ನು ನೋಡಿದಳು. ಅತ್ತು ಊದಿದ ಕಣ್ಣು, ಸುರಿಯುವ ಮೂಗು, ಕೆಂಪು ಟೋಪಿಯ ಕೆಳಗೆ ಬೆವರಿಗೆ ಅಂಟಿದ ಗುಂಗುರು. ಒಂದೊಂದನ್ನೂ ಬಿಡದೆ ನೋಡಿದಳು. ನಾನೂ ನೋಡಿದೆ. ಆಮೇಲೆ ಅವಳು ಕಾಗದದ ಮೂಲೆ ಹಿಡಿದು ನಿಧಾನವಾಗಿ ಎಳೆದಳು. 'ನೋಡು ಕಂದ. ಇಲ್ಲಿ ನೋಡು' ಅಂದು ಕಣ್ಣು ಮುಚ್ಚಿಕೊಂಡಳು.

ತಾರಿಣಿ ಬಗ್ಗಿ ನೋಡಿದಳು. ಬಿಕ್ಕಳಿಸುತ್ತಲೇ ಒಮ್ಮೆ ಕಿಲಕ್ಕೆಂದಳು. ತಲೆ ಎತ್ತಿದಾಗ ಅವಳ ಮುಖ ನನಗೆ ಸಿಗಲಿಲ್ಲ. ಕೆಂಪು ಟೋಪಿಯ ಕೆಳಗೆ ಆ ಗೋಲಿಕಣ್ಣು, ಆ ತುಟಿ. ಗೋಡೆಗೆ ಒರಗಿ ಕೂತುಬಿಟ್ಟೆ.

'ಅಮ್ಮಾ! ಸಿಕ್ದೆ! ಅಮ್ಮ ಸಿಕ್ಕಿದ್ಲು ಅತ್ತೆ!' ತಾರಿಣಿ ತಾಯಿಯ ಕೊರಳಿಗೆ ಜೋತುಬಿದ್ದಳು. ಹವಳಿ ಅವಳನ್ನು ಎದೆಗೆ ಅವುಚಿಕೊಂಡು, ಅಂಗೈಯಿಂದ ಅವಳ ಹಣೆ, ಮೂಗು, ಗಲ್ಲವನ್ನು ತಡವುತ್ತಾ ಕೂತಳು. ಎಷ್ಟು ಹೊತ್ತಾದರೂ ಕಣ್ಣು ತೆರೆಯಲಿಲ್ಲ.

'ಅಮ್ಮ ಯಾಕೆ ಕಣ್ಣು ಬಿಡ್ತಿಲ್ಲ ಅತ್ತೆ?'

'ಸುಸ್ತಾಗಿದೆ ಕಣೇ ಅವಳಿಗೆ' ಅಂದೆ. 'ಸ್ವಲ್ಪ ಹೊತ್ತು ಹಾಗೇ ಇರ್ಲಿ ಬಿಡು.'